ಬೀಜ ಒಡೆಯುವವನಿಗೆ ಮೂರು ತಿಂಗಳ ಸೂಜಿ

ಶಿವನ ಗುಡಿಗೆ ಹೋದವರು ಮೊದಲು ಬಸವಣ್ಣನ ಹಿಂದೆ ನಿಲ್ಲುತ್ತಾರೆ. ಒಂದು ಕೈಯಿಂದ ಅವನ ಬೀಜ ಮುಟ್ಟಿ, ಇನ್ನೊಂದು ಕೈಯ ಎರಡು ಬೆರಳನ್ನು ಅವನ ಕೋಡಿನ ಮೇಲಿಟ್ಟು, ಆ ಸಂದಿಯಿಂದ ಲಿಂಗವನ್ನು ನೋಡಿ ಕಣ್ಣು ಮುಚ್ಚುತ್ತಾರೆ. ಯಾಕೆ ಹೀಗೆ ಎಂದು ಯಾರೂ ಕೇಳುವುದಿಲ್ಲ. ನಮ್ಮ ಕಡೆಯ ಶಿವ ಅಂಥ ಪ್ರಶ್ನೆಗೆ ಸಿಟ್ಟಾಗುವವನೂ ಅಲ್ಲ, ಉತ್ತರ ಕೊಡುವವನೂ ಅಲ್ಲ. ಆದರೆ ಇರಕಲ್ಲಗಡದ ಕಳಕಪ್ಪನಿಗೆ ಮಾತ್ರ ಆ ಕಲ್ಲಿನ ಬಸವಣ್ಣನನ್ನು ಮುಟ್ಟಿದಾಗಲೆಲ್ಲ ಒಂದೇ ಮಾತು ಹೊಳೆಯುತ್ತಿತ್ತು. ಈ ಸೀಮೆಯಲ್ಲಿ ತನ್ನ ಇಕ್ಕಳಕ್ಕೆ ಸಿಗದೆ ಉಳಿದ ಹೋರಿ ಇದೊಂದೇ.

ಕಳಕಪ್ಪ ಹೋರಿಗಳ ಬೀಜ ಒಡೆಯುವವನು. ಎಳೆಯ ಹೋರಿ ನೊಗಕ್ಕೆ ಹೆಗಲು ಕೊಟ್ಟು, ಸಾಲು ತಪ್ಪದೆ ನಡೆಯಬೇಕಾದರೆ ಅದನ್ನು ಎತ್ತು ಮಾಡಬೇಕು. ಕಳಕಪ್ಪನ ಅಪ್ಪ ಅದನ್ನು ಎರಡು ಕೋಲು, ಒಂದು ಕೊಡತಿಯಲ್ಲಿ ಮಾಡುತ್ತಿದ್ದ. ಕಳಕಪ್ಪನ ಕಾಲಕ್ಕೆ ಮೊಳದುದ್ದದ ಕಬ್ಬಿಣದ ಇಕ್ಕಳ ಬಂತು. ಚರ್ಮ ಹರಿಯದಂತೆ, ರಕ್ತ ಬಾರದಂತೆ, ಒಳಗಿನ ನರವನ್ನು ಮಾತ್ರ ಕಚಕ್ಕೆಂದು ಒಡೆದರೆ ಮುಗಿಯಿತು. ಯಲಬುರ್ಗಾ ಕುಷ್ಟಗಿಯ ತನಕ ಅವನ ಕೈಗೆ ಹೆಸರಿತ್ತು. ಹಗ್ಗದ ಕೆಲಸ ಅವನ ಜೊತೆಗಾರ ಮಕ್ಬುಲಸಾಬನದು. ಎಂಥ ಗುದ್ದುವ ಹೋರಿಯಾದರೂ ಅವನು ಹಗ್ಗದ ಮೂರು ಸುತ್ತಿನಲ್ಲಿ ಕೂಸನ್ನು ಮಲಗಿಸಿದ ಹಾಗೆ ನೆಲಕ್ಕೆ ಮಲಗಿಸುತ್ತಿದ್ದ.

ಹೋರಿ ಮಲಗಿದ ಮೇಲೆ ಕಳಕಪ್ಪ ಒಂದು ಪದ್ಧತಿ ಮಾಡುತ್ತಿದ್ದ. ಬಗ್ಗಿ ಅದರ ಕಿವಿಯಲ್ಲಿ ಏನೋ ಹೇಳುತ್ತಿದ್ದ. ಅಪ್ಪನಿಂದ ಬಂದ ಮಾತು ಅದು. ಏನೆಂದು ಯಾರಿಗೂ ಗೊತ್ತಿರಲಿಲ್ಲ. ಕೆಲವರು ಕಾಶಿಯ ಮಂತ್ರ ಅಂದರು, ಕೆಲವರು ಹೋರಿಯ ಕ್ಷಮೆ ಕೇಳುತ್ತಾನೆ ಅಂದರು. ಹೆಂಡತಿ ಭೀಮಕ್ಕ ಮದುವೆಯಾದ ವಾರದಲ್ಲೇ ಕೇಳಿದ್ದಳು. ಕಳಕಪ್ಪ ಮೀಸೆ ತಿರುವಿ, "ಅದು ನನಗೂ ಹೋರಿಗೂ ಇರೋ ಮಾತು" ಅಂದಿದ್ದ. ಭೀಮಕ್ಕ ಅವನ ಸೋದರತ್ತೆಯ ಮಗಳು. ಚಡ್ಡಿ ಹಾಕದ ಕಾಲದಿಂದ ಅವನನ್ನು ನೋಡಿದವಳು. ಗಂಡನೆಂದು ಬಹುವಚನ ಕೊಟ್ಟವಳಲ್ಲ. "ಹೋರೀನ ಕಟಗೊಂಡು ಸಂಸಾರ ಮಾಡು ಹಂಗಾರ" ಅಂದಿದ್ದಳು.

ಇನ್ನೊಂದು ಹೆಮ್ಮೆ ಇತ್ತು ಕಳಕಪ್ಪನಿಗೆ. ಅವನು ಒಡೆದರೆ ಒಂದೇ ಸಲ. ಎರಡನೇ ಸಲ ಇಕ್ಕಳ ಹಿಡಿಯುವವನು ಕಸುಬುದಾರನೇ ಅಲ್ಲ ಎಂದು ಅವನು ಸಂತೆಯಲ್ಲಿ ನಿಂತು ಹೇಳುತ್ತಿದ್ದ. ಈ ಹೆಮ್ಮೆಯೇ ಮುಂದೆ ಅವನ ಜೀವಕ್ಕೆ ಬಂತು.

ಅವನಿಗೆ ಅರವತ್ತೆಂಟು ನಡೆಯುತ್ತಿದ್ದ ವರ್ಷ, ಎರಡು ಸಾವಿರದ ಹದಿಮೂರನೆಯ ಇಸವಿ. ಊರಲ್ಲಿ ಟ್ರ್ಯಾಕ್ಟರುಗಳು ಹೆಚ್ಚಿ ಎತ್ತುಗಳು ಕಡಿಮೆಯಾಗಿದ್ದವು. ಅವನ ಮಗ ಗೌರೀಶನೇ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಆದರೂ ವಾರಕ್ಕೊಂದು ಕರೆ ಬರುತ್ತಿತ್ತು, ಮೀಸೆಗೆ ಎಣ್ಣೆ ಬೀಳುತ್ತಿತ್ತು. ಹೀಗಿರುವಾಗ ಒಂದಕ್ಕೆ ಹೋಗುವುದು ಕಷ್ಟವಾಯಿತು. ಬೇಲಿಯ ಮರೆಗೆ ಕೂತರೆ ಮಕ್ಬುಲಸಾಬ ಇತ್ತ ಎರಡು ಬೀಡಿ ಸೇದಿ ಮುಗಿಸುತ್ತಿದ್ದ.

"ಲೇ ಕಳಕ್ಯಾ, ಹೊಲಕ್ಕ ನೀರು ಹಾಯಿಸಾಕ ಹತ್ತೀಯೇನು?"

"ಮೇಲಿಂದ ನೀರು ಬಿಟ್ಟಿಲ್ಲಲೇ, ಸುಮ್ನಿರು."

ಸೊಂಟದ ನೋವೂ ಶುರುವಾದಾಗ ಭೀಮಕ್ಕ ಅವನನ್ನು ಕೊಪ್ಪಳದ ಆಸ್ಪತ್ರೆಯೊಂದಕ್ಕೆ ಎಳೆದುಕೊಂಡು ಹೋದಳು. ರಕ್ತ ತೆಗೆದರು, ಒಳಗಿನ ಚೂರು ತೆಗೆದರು, ಎಲುಬಿನ ಚಿತ್ರ ತೆಗೆದರು. ಡಾಕ್ಟರು ಅಮೃತಾ ಅಂತ, ಗಂಗಾವತಿ ಕಡೆಯ ಹುಡುಗಿ, ಭತ್ತದ ಗದ್ದೆಯ ಮನೆತನ. ಕಾಗದಗಳನ್ನೆಲ್ಲ ನೋಡಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು.

"ಅಜ್ಜಾರ, ಇದು ಕ್ಯಾನ್ಸರ್ ಐತ್ರಿ. ಮೂತ್ರದ ಚೀಲದ ಕೆಳಗ ಗಂಡಸರಿಗೆ ಪ್ರಾಸ್ಟೇಟ್ ಅಂತ ಒಂದು ಗ್ರಂಥಿ ಇರ್ತೈತಿ. ಅಲ್ಲಿ ಹುಟ್ಟಿ ಸೊಂಟದ ಎಲುಬಿಗೂ ಇಳದೈತಿ. ಪೂರ್ತಿ ಕಿತ್ತು ಒಗಿಯಾಕ ಆಗಂಗಿಲ್ಲ. ಆದ್ರ ಉಪವಾಸ ಕೆಡವಬಹುದು."

"ಯಾರನ್ನ, ನನ್ನನ್ನ?"

"ನಿಮ್ಮನ್ನಲ್ಲರಿ, ರೋಗಾನ್ನ."

"ಅದರ ಊಟ ಏನ್ ತಾಯಿ?"

ಡಾಕ್ಟರು ಭೀಮಕ್ಕನ ಕಡೆ ನೋಡಿ, ಗೋಡೆಯ ಕಡೆ ನೋಡಿ, ಮೆಲ್ಲಗೆ ಹೇಳಿದಳು. "ಗಂಡಸರ ಮೈಯಾಗ ಒಂದು ರಸ ಇರ್ತೈತ್ರಿ. ಗಡ್ಡ ಮೀಸಿ ಬರೋದು ಅದರಿಂದ, ಉಳಿದದ್ದೂ ಅದರಿಂದ. ರೋಗಕ್ಕ ಅದಽ ಊಟ. ಆ ರಸ ತಯಾರಾಗೋದು..."

"ಬೀಜದಾಗ" ಅಂದ ಕಳಕಪ್ಪ.

"ಹೂಂ ರಿ."

ಅವನು ಪೇಟಾ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಅಂದ್ರ ನೀವು ನನ್ನ ಬೀಜ ಒಡೀತೀರಿ."

ಡಾಕ್ಟರ ಕೈಯ ಪೆನ್ನು ಬಿತ್ತು. ಭೀಮಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗು ತಡೆಯುವುದಕ್ಕೋ ಅಳು ತಡೆಯುವುದಕ್ಕೋ, ಅವಳಿಗೇ ಗೊತ್ತಾಗಲಿಲ್ಲ.

"ಇವನ ಕಸುಬಽ ಅದು ಯವ್ವಾ" ಅಂದಳು ಭೀಮಕ್ಕ. "ಹೋರಿ ಬೀಜ ಒಡಿಯೋದು. ಅವೆಲ್ಲಾ ಸೇರಿ ಶಿವನ ಮುಂದ ಅರ್ಜಿ ಹಾಕ್ಯಾವ."

ಡಾಕ್ಟರು ಎರಡು ದಾರಿ ಹೇಳಿದಳು. ಒಂದು, ಆಪರೇಷನ್ ಮಾಡಿ ಎರಡನ್ನೂ ತೆಗೆಯುವುದು. ಒಂದೇ ಸಲಕ್ಕೆ ಮುಗಿಯುತ್ತದೆ. ಇನ್ನೊಂದು, ಮೂರು ತಿಂಗಳಿಗೊಂದು ಸೂಜಿ. ಕಳಕಪ್ಪ ಮೊದಲನೆಯದಕ್ಕೆ ಕೈ ಅಡ್ಡ ಹಿಡಿದ. ಅಪ್ಪ ಕೊಟ್ಟ ಆಸ್ತಿ ಚೀಲದಲ್ಲೇ ಇರಲಿ ಅಂದ. ಸೂಜಿ ಹೇಗೆ ಕೆಲಸ ಮಾಡುತ್ತದೆ ಎಂದು ಒಬ್ಬ ಕಸುಬುದಾರ ಇನ್ನೊಬ್ಬ ಕಸುಬುದಾರನನ್ನು ಕೇಳುವ ಹಾಗೆ ಕೇಳಿದ.

ಡಾಕ್ಟರಿಗೆ ಈಗ ಹುರುಪು ಬಂತು. "ಕಾಲುವೆ ನೀರು ಹೆಂಗ ಬರ್ತೈತಿ ಹೇಳ್ರಿ. ಮುನಿರಾಬಾದ್ ಡ್ಯಾಮಿನ ಆಫೀಸಿನಿಂದ ಹುಕುಂ ಹೋಗಬೇಕು, ಗೇಟಿನವ ಗೇಟ್ ಎತ್ತಬೇಕು, ಹೌದಲ್ಲ? ನಿಮ್ಮ ತಲಿಯೊಳಗ, ಮೆದುಳಿನ ಬುಡಕ್ಕ, ಕಡಲಿಕಾಳಿನಷ್ಟು ಒಂದು ಗ್ರಂಥಿ ಐತಿ. ಅವನಽ ಗೇಟಿನವ. ಅವಗ ಮ್ಯಾಲಿಂದ ಆಗಾಗ ಹುಕುಂ ಬರ್ತೈತಿ, ಅವ ಗೇಟ್ ಎತ್ತತಾನ, ಕೆಳಗ ರಸ ತಯಾರಾಗತೈತಿ. ಈ ಸೂಜಿ ಏನ್ ಮಾಡತೈತಿ ಅಂದ್ರ, ಹಗಲೂ ರಾತ್ರಿ ಒಂದಽ ಸಮ ಹುಕುಂ ಕಳಸತೈತಿ. ಮೊದಲ ಎರಡು ವಾರ ಗೇಟಿನವ ಗಾಬರಿಯಾಗಿ ನೀರು ಜಾಸ್ತಿನಽ ಬಿಡ್ತಾನ. ಆಮ್ಯಾಲ ಬ್ಯಾಸತ್ತು ಫೋನ್ ಎತ್ತೋದಽ ಬಿಡ್ತಾನ. ಗೇಟ್ ಬಂದ್."

"ಆ ಎರಡು ವಾರ ಜಾಸ್ತಿ ನೀರು ಕುಡದು ರೋಗ ಕೊಬ್ಬಂಗಿಲ್ಲೇನು?"

ಡಾಕ್ಟರು ಬೆರಗಾಗಿ ಅವನನ್ನು ನೋಡಿದಳು. "ಭಾಳ ಶಾಣ್ಯಾ ಅದೀರಿ. ಅದಕ್ಕಽ ಮೊದಲಿಗೆ ಗುಳಿಗಿ ಕೊಡ್ತೀವಿ. ಆ ಗುಳಿಗಿ ಹೊಲದ ಬಾಯಿಗೆ ಹೋಗಿ ಅಡ್ಡ ಕೂಡತೈತಿ. ಕಾಲುವಿಯೊಳಗ ನೀರು ಬಂದ್ರೂ ಹೊಲಕ್ಕ ಇಳಿಯಂಗಿಲ್ಲ."

"ಒಡದ ಮ್ಯಾಲ ಏನೇನಾಗತೈತಿ ನನಗ ಗೊತ್ತೈತಿ ಬಿಡ್ರಿ" ಅಂದ ಕಳಕಪ್ಪ. ಬೆರಳು ಮಡಚತೊಡಗಿದ. "ಕೊಬ್ಬು ಕೂಡತೈತಿ. ಗುದ್ದಾಟ ಬಿಡತೈತಿ. ಹೆಗಲ ಮ್ಯಾಲಿನ ಡುಬ್ಬ ಇಳೀತೈತಿ. ಆಕಳ ಹಾದು ಹೋದ್ರೂ ತಲಿ ಎತ್ತಿ ನೋಡಂಗಿಲ್ಲ."

"ಡುಬ್ಬ ಒಂದು ಬಿಟ್ಟು ಉಳಿದದ್ದೆಲ್ಲಾ ಖರೆ. ಇನ್ನ ಮೈಯೊಳಗ ಒಮ್ಮಿಂದೊಮ್ಮೆ ಬೆಂಕಿ ಹತ್ತಿದಂಗ ಆಗತೈತಿ. ಎದಿ ಸ್ವಲ್ಪ ಉಬ್ಬಿ ನೋಯಬಹುದು. ಸುಮ್ಮಸುಮ್ಮನ ಅಳು ಬರಬಹುದು. ಎಲುಬು ಬರಬರ್ತಾ ಟೊಳ್ಳಾಗ್ತಾವ, ಅದಕ್ಕ ದಿನಾ ಅಡ್ಡಾಡಬೇಕು, ಭಾರ ಎತ್ತಬಾರದು, ಸುಣ್ಣದ ಗುಳಿಗಿ ಬಿಡಬಾರದು. ಮತ್ತ ಮೂರು ತಿಂಗಳಿಗೆ ಸೂಜಿ ತಪ್ಪಿಸಬಾರದು. ತಪ್ಪಿಸಿದ್ರ ರೋಗ ಬೆನ್ನಿನ ಎಲುಬಿಗೆ ಏರತೈತಿ. ಕಾಲು ಹೋಗ್ತಾವ, ಜೀವಾನೂ ಹೋಗತೈತಿ. ತಿಳೀತೇನ್ರಿ?"

ಕಳಕಪ್ಪ ತಲೆಯಾಡಿಸಿದ. ಕೊನೆಯ ಮಾತು ಅವನ ಒಂದು ಕಿವಿಗೆ ಬಿದ್ದು ಅಲ್ಲೇ ನಿಂತಿತು, ಒಳಗೆ ಇಳಿಯಲಿಲ್ಲ.

ಎರಡು ವಾರ ಗುಳಿಗೆ ನುಂಗಿ, ಶಿವರಾತ್ರಿಯ ಮುಂಚೆ ಮೊದಲ ಸೂಜಿಗೆ ಹೋದ. ಸೂಜಿ ಹಾಕುವವನು ಯಂಕೋಬ ಎಂಬ ಕಂಪೌಂಡರ್. ಕುಂಡಿಯ ಮೇಲೆ ಹತ್ತಿ ತಿಕ್ಕುತ್ತ ಯಂಕೋಬ ಕಿವಿಯ ಹತ್ತಿರ ಬಗ್ಗಿ, "ಏನೂ ಆಗಂಗಿಲ್ಲರಿ ಯಜಮಾನ್ರ, ಇರಿವಿ ಕಡದಂಗ ಅಷ್ಟ" ಅಂದ.

ಐವತ್ತು ವರ್ಷ ಕಳಕಪ್ಪ ಹೋರಿಗಳ ಕಿವಿಯಲ್ಲಿ ಹೇಳುತ್ತ ಬಂದ ಮಾತು ಇದೇ. ಕಾಶಿಯ ಮಂತ್ರವೂ ಅಲ್ಲ, ಕ್ಷಮೆಯೂ ಅಲ್ಲ. ಏನೂ ಆಗಂಗಿಲ್ಲೋ ನನ್ನಪ್ಪಾ, ಇರಿವಿ ಕಡದಂಗ ಅಷ್ಟ. ಅಪ್ಪ ಕಲಿಸಿದ ಹಸಿ ಸುಳ್ಳು. ಹೋರಿಯ ಹಾಗೆ ಅವನೂ ಕಣ್ಣು ಪಿಳುಕಿಸಿದ. ಸೂಜಿ ಇಳಿಯಿತು.

ಊರಿನವರಿಗೆ ಸಕ್ಕರೆ ಕಾಯಿಲೆ ಅಂತ ಹೇಳಬೇಕು ಎಂದು ಭೀಮಕ್ಕನಿಂದ ಬಸವಣ್ಣನ ಆಣೆ ಹಾಕಿಸಿಕೊಂಡ. ಬೀಜ ಒಡೆಯುವವನದೇ ಒಡೆದಿದೆ ಎಂದು ತಿಳಿದರೆ ಯಾರು ಕರೆಯುತ್ತಾರೆ? ಆದರೆ ಮೈ ಆಣೆ ಕೇಳುವುದಿಲ್ಲ. ಒಂದು ಬೆಳಿಗ್ಗೆ ಕಟ್ಟೆಯ ಮೇಲೆ ಕೂತಿದ್ದಾಗ ಎದೆಯಿಂದ ಬೆಂಕಿ ಎದ್ದು ಕುತ್ತಿಗೆಗೆ ಏರಿ ತಲೆಯಿಂದ ಹೊರಬಿತ್ತು. ಅಂಗಿ ಕಿತ್ತೆಸೆದು, ಹೊಗೆ ಬರುತ್ತಿದೆಯೇನೋ ಎಂದು ನೆತ್ತಿ ಮುಟ್ಟಿ ನೋಡಿಕೊಂಡ. ಎಮ್ಮೆ ನೀರು ಕುಡಿಯುವ ಬಾನಿಗೆ ಮುಖ ಮುಳುಗಿಸಿದ. ಎಮ್ಮೆ ನಾಲ್ಕು ಹೆಜ್ಜೆ ಹಿಂದೆ ಸರಿಯಿತು.

ಭೀಮಕ್ಕ ಒದ್ದೆ ಟವೆಲ್ ತಂದು ಕುತ್ತಿಗೆಗೆ ಸುತ್ತಿದಳು, ಬೀಸಣಿಗೆ ಹಿಡಿದು ಕೂತಳು. ಅವಳ ಮುಖದಲ್ಲಿ ಕರುಣೆಗಿಂತ ಸಮಾಧಾನವೇ ಹೆಚ್ಚಿತ್ತು.

"ಮುಟ್ಟು ನಿಂತಾಗ ನನಗ ಹಿಂಗಽ ಆಗ್ತಿತ್ತು. ಆಗ ಏನಂದಿದ್ದಿ, ನೆನಪೈತೇನು?"

ಕಳಕಪ್ಪನಿಗೆ ನೆನಪಿತ್ತು. "ನಾಟಕ ಕಂಪನಿ ಸೇರು ಅಂದಿದ್ದೆ."

"ಹೂಂ. ಈಗ ಇಬ್ಬರೂ ಸೇರೋಣ ಬಾ. ನೀನಽ ನಾಯಕಿ."

ಎರಡನೆಯ ತಿಂಗಳಿಗೆ ಎದೆ ನೋಯತೊಡಗಿತು. ಅಂಗಿ ತಾಗಿದರೆ ಸಾಕು, ಹಾ ಎನ್ನುತ್ತಿದ್ದ. ಯಲಬುರ್ಗಾದ ಕಡೆ ಒಂದು ಹೋರಿ ಮಲಗಿಸಿ ಕೆಲಸ ಮುಗಿಸಿದ ಮೇಲೆ ಬಾವಿಯಲ್ಲಿ ಮೈ ತೊಳೆಯುವಾಗ ಮಕ್ಬುಲಸಾಬ ಅವನ ಎದೆಯನ್ನೇ ನೋಡುತ್ತ ನಿಂತ.

"ಎಷ್ಟು ತಿಂಗಳಾತು ಬಾಯಿ?"

"ಮುಚ್ಚಲೇ ಮಕ್ಬುಲ್ಯಾ. ಸಕ್ಕರಿ ಕಾಯಿಲಿ."

"ಸಕ್ಕರಿ ಎದಿಗೆ ಬಂತೇನು? ಲೇ, ನಲವತ್ತು ವರ್ಷ ನಾ ಎತ್ತಿನ ಮಾರಿ ನೋಡೀನಿ. ನಿನ್ನ ಮಾರಿ ಈಗ ಎತ್ತಿನ ಮಾರಿ. ಯಾರ ಕೈಯಾಗ ಒಡಿಸ್ಕೊಂಡಿ, ಖರೆ ಹೇಳು."

ಕಳಕಪ್ಪ ಬಾವಿಯ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಅತ್ತೇಬಿಟ್ಟ. ಮಕ್ಬುಲಸಾಬ ನಗಬೇಕೆಂದು ತೆರೆದ ಬಾಯನ್ನು ಮುಚ್ಚಿ, ಬೀಡಿ ಹಚ್ಚಿ ಅವನ ಕೈಗೆ ಕೊಟ್ಟ. "ನಾ ಯಾರಿಗೂ ಹೇಳಂಗಿಲ್ಲ, ಅಲ್ಲಾನ ಆಣಿ. ಆದ್ರ ನನಗಽ ಒಬ್ಬನಿಗೆ ನಗಾಕ ಬಿಡು."

ಆ ಅಳು ಒಂದು ವಿಚಿತ್ರ ಮಾಡಿತು. ಸೋಮವಾರದ ಭಜನೆಯಲ್ಲಿ ಕಳಕಪ್ಪ ಯಾವಾಗಲೂ ಕಂಬಕ್ಕೆ ಒರಗಿ ನಿದ್ದೆ ಮಾಡುವವನು. ಈಗ ಮೊದಲ ತಾಳ ಬೀಳುತ್ತಲೇ ಅವನ ಕಣ್ಣು ತುಂಬಿ ಮೀಸೆ ನೆನೆಯುತ್ತಿತ್ತು. ಭಜನೆಯ ಹಿರಿಯ ಗವಿಸಿದ್ದಪ್ಪ ಹಾರ್ಮೋನಿಯಂ ನಿಲ್ಲಿಸಿ, "ಕಳಕಪ್ಪಗ ಸ್ವಾಮಿ ಒಲದಾನ ನೋಡ್ರಿ" ಅಂದ. ಅವನನ್ನು ಮುಂದಿನ ಸಾಲಿಗೆ ಕೂರಿಸಿದರು. ಹೆಂಗಸರು ಮಕ್ಕಳನ್ನು ತಂದು ಅವನ ಕಾಲಿಗೆ ಬೀಳಿಸಿದರು. ಅವನಿಗೆ ನಾಚಿಕೆಯಾಗಿ ಮತ್ತೂ ಅಳು ಬಂತು, ಅದನ್ನು ಕಂಡು ಅವರ ಭಕ್ತಿ ಇನ್ನೂ ಹೆಚ್ಚಿತು. ಸೂಜಿಯಿಂದ ಬಂದ ಕಣ್ಣೀರನ್ನು ಭಕ್ತಿ ಎನ್ನಬಹುದೇ? ಎನ್ನದೆ ಇರಲಿಕ್ಕೂ ನಾವು ಯಾರು. ಶಿವನಿಗೆ ಒಳಗೆ ಬರಲು ಎದೆಯ ಬಾಗಿಲೇ ಬೇಕೆಂದು ಯಾವ ವಚನಕಾರರೂ ಹೇಳಿಲ್ಲ. ಕುಂಡಿಯ ಕಡೆಯಿಂದ ಬಂದರೂ ಬಂದವನು ಅವನೇ. ಆ ದಿನಗಳಲ್ಲಿ ಕಳಕಪ್ಪ ಹಾಡಿನ ಮಾತುಗಳನ್ನು ಮೊದಲ ಸಲ ಕಿವಿಗೊಟ್ಟು ಕೇಳಿದ್ದು ಮಾತ್ರ ನಿಜ.

ರಕ್ತ ನೋಡಿಸಿದಾಗ ನೂರಾ ಎಂಬತ್ತು ಇದ್ದ ರೋಗದ ಅಂಕಿ ಮೂರಕ್ಕೆ ಇಳಿದಿತ್ತು. ಸೊಂಟದ ನೋವು ಹೋಗಿತ್ತು, ಒಂದಕ್ಕೆ ಸಲೀಸಾಗಿತ್ತು. ಡಾಕ್ಟರು ಚೀಟಿಯ ಮೇಲೆ ಮುಂದಿನ ಸೂಜಿಯ ತಾರೀಖನ್ನು ಕೆಂಪು ಶಾಯಿಯಲ್ಲಿ ಬರೆದಳು. ಕಳಕಪ್ಪ ಅದನ್ನು ಮಡಚಿ ಮನೆಯ ಬಸವಣ್ಣನ ಪಟದ ಹಿಂದೆ ಸಿಕ್ಕಿಸಿದ. ಅವನ ಲೆಕ್ಕ ಬೇರೆಯೇ ಇತ್ತು. ಒಡೆತ ಸರಿಯಾಗಿದೆ. ಸರಿಯಾಗಿ ಒಡೆದದ್ದನ್ನು ಮತ್ತೆ ಯಾರಾದರೂ ಒಡೆಯುತ್ತಾರೆಯೇ? ಎತ್ತಾದದ್ದು ಎತ್ತೇ, ಅದು ಮತ್ತೆ ಹೋರಿಯಾಗುವುದುಂಟೇ? ಮೂರು ತಿಂಗಳಿಗೆ ಬಾ ಎನ್ನುವುದು ಅಂಗಡಿಯವರು ಮತ್ತೆ ಬರ್ರಿ ಎನ್ನುವ ಹಾಗೆ ಒಂದು ಉಪಚಾರದ ಮಾತು. ಎರಡನೇ ಸಲ ಹೋಗಿ ಕೂತರೆ ಆ ಹುಡುಗಿಯ ಕಸುಬಿಗೇ ಅವಮಾನ ಮಾಡಿದ ಹಾಗೆ.

ಭೀಮಕ್ಕನಿಗೆ "ಸಾಕಂತ, ಮುಗೀತಂತ" ಅಂದುಬಿಟ್ಟ. ಆಸ್ಪತ್ರೆಯಿಂದ ಫೋನ್ ಬಂದಾಗ ತಾನೇ ಎತ್ತಿ, "ಕಳಕಪ್ಪ ಊರಾಗಿಲ್ಲರಿ, ಬೀಗರ ಮನೀಗೆ ಹೋಗ್ಯಾನ" ಎಂದು ಇಟ್ಟ.

ಮಳೆಗಾಲ ಕಳೆಯಿತು. ಬೆಂಕಿ ಏಳುವುದು ವಾರಕ್ಕೊಮ್ಮೆಯಾಯಿತು, ಆಮೇಲೆ ನಿಂತೇಹೋಯಿತು. ಎದೆ ಇಳಿಯಿತು. ದಸರೆಯ ಹೊತ್ತಿಗೆ ಕಳಕಪ್ಪ ಭಜನೆಯಲ್ಲಿ ಮುಂದಿನ ಸಾಲಿನಲ್ಲೇ ಕೂತು ಗೊರಕೆ ಹೊಡೆದ. ಗವಿಸಿದ್ದಪ್ಪ ಅದನ್ನು ಸಮಾಧಿ ಸ್ಥಿತಿ ಎಂದು ಎರಡು ವಾರ ನಂಬಿದ, ಮೂರನೆಯ ವಾರ ಹಿಂದಿನ ಕಂಬಕ್ಕೆ ಕಳಿಸಿದ. ಅದಕ್ಕೆ ಕಳಕಪ್ಪ ಅವನ ಜೊತೆ ಜಗಳ ತೆಗೆದ. ಮೀಸೆಗೆ ಮತ್ತೆ ಎಣ್ಣೆ ಬಿತ್ತು. ನೀರು ತರುವ ಹೆಂಗಸರನ್ನು ಕಟ್ಟೆಯ ಮೇಲಿಂದ ಮಾತಾಡಿಸತೊಡಗಿದ. ಒಂದು ಸಂಜೆ ಕೊಪ್ಪಳದಿಂದ ಬರುವಾಗ ಭೀಮಕ್ಕನಿಗೆ ಮೊಳ ಮಲ್ಲಿಗೆ ತಂದ. ಮದುವೆಯಾದ ಇಷ್ಟು ವರ್ಷಕ್ಕೆ ಇದು ಮೂರನೆಯ ಸಲ.

"ಏನಿದು?" ಅಂದಳು ಭೀಮಕ್ಕ.

"ಹೂವು. ಮುಡಕೋ. ಇವತ್ತು ಯಾಕೋ ನೀ ಭಾಳ ಛಲೋ ಕಾಣಾಕ ಹತ್ತಿ." ಕಣ್ಣು ಹೊಡೆದ.

ಭೀಮಕ್ಕನಿಗೆ ಅರವತ್ತನಾಲ್ಕು. ಆದರೂ ಕೆನ್ನೆ ಬೆಚ್ಚಗಾಯಿತು, ನಗು ಬಂತು. ಕನ್ನಡಿಯ ಮುಂದೆ ನಿಂತು ಹೂವನ್ನು ತುರುಬಿಗೆ ಸಿಕ್ಕಿಸುತ್ತಿದ್ದ ಅವಳ ಕೈ ಹಾಗೇ ನಿಂತಿತು. ಕನ್ನಡಿಯಲ್ಲಿ ಹಿಂದೆ ಕಳಕಪ್ಪ ಕಾಣುತ್ತಿದ್ದ. ಒಂದು ಕೈಯಿಂದ ಮೀಸೆ ತಿರುವುತ್ತಿದ್ದ, ಇನ್ನೊಂದು ಕೈಯಿಂದ ಸೊಂಟ ಒತ್ತಿಕೊಳ್ಳುತ್ತಿದ್ದ. ಡಾಕ್ಟರು ಹೇಳಿದ್ದು ನೆನಪಾಯಿತು. ಮೀಸೆ ಬರುವುದೂ ಆ ರಸದಿಂದಲೇ, ರೋಗಕ್ಕೆ ಊಟವೂ ಅದೇ. ಇವನಿಗೆ ಹೂವು ತರುವ ಹುರುಪು ಬಂದಿದೆ ಎಂದರೆ ಕಾಲುವೆಗೆ ನೀರು ಬಂದಿದೆ. ನೀರು ಬಂದಿದೆ ಎಂದರೆ ಅದೂ ಕುಡಿಯುತ್ತಿದೆ.

ಅವಳು ಪಟದ ಹಿಂದಿನ ಚೀಟಿ ತೆಗೆದಳು. ಕೆಂಪು ಶಾಯಿಯ ತಾರೀಖನ್ನು ಸೊಸೆಯಿಂದ ಓದಿಸಿದಳು. ಐದು ತಿಂಗಳ ಹಿಂದಿನದು. ಹೂವು ಮುಡಿದುಕೊಂಡೇ ಮಕ್ಬುಲಸಾಬನ ಮನೆಗೆ ನಡೆದಳು.

ಮರುದಿನ ಮಧ್ಯಾಹ್ನ ಇಬ್ಬರೂ ಸೇರಿ ಕಳಕಪ್ಪನನ್ನು ಗುಡಿಯ ಕಟ್ಟೆಯ ಮೇಲೆ ಹಿಡಿದರು. ಕಲ್ಲಿನ ಬಸವಣ್ಣ ಎಂದಿನಂತೆ ಶಿವನ ಕಡೆಗೆ ಮುಖ ಮಾಡಿ ಕೂತಿದ್ದ.

"ಮುಗೀತು ಅಂದ್ರು ಅಂತ ಹೇಳಿದ್ಯಲ್ಲ" ಅಂದಳು ಭೀಮಕ್ಕ, ಚೀಟಿ ಹಿಡಿದು.

"ಒಡದ ಮ್ಯಾಲ ಮುಗೀತಲ್ಲ. ಎರಡನೇ ಸಲ ಯಾರು ಒಡೀತಾರ? ನನ್ನ ಕಸುಬು ನನಗ ಗೊತ್ತಿಲ್ಲೇನು?"

"ಮೆಹಬೂಬಸಾಬನ ಹೋರಿ ನೆನಪೈತೇನಲೇ?" ಅಂದ ಮಕ್ಬುಲಸಾಬ.

ಕಳಕಪ್ಪನ ಮುಖ ಕೆಂಪಾಯಿತು. ಅದು ಅವನ ಐವತ್ತು ವರ್ಷದಲ್ಲಿ ಆದ ಒಂದೇ ತಪ್ಪು. ತನ್ನ ಮಗಳ ಮದುವೆಯ ಅವಸರದಲ್ಲಿ ಎಡಗಡೆಯ ನರದಿಂದ ಇಕ್ಕಳ ಜಾರಿತ್ತು. ನಾಲ್ಕು ತಿಂಗಳಿಗೆ ಆ ಹೋರಿ ಗೋಡೆ ಹಾರಿ ಪಕ್ಕದ ಮನೆಯ ಆಕಳ ಹತ್ತಿರ ಹೋಗಿತ್ತು. ರಾತ್ರೋರಾತ್ರಿ ಯಾರಿಗೂ ತಿಳಿಯದಂತೆ ಹೋಗಿ ಮತ್ತೆ ಒಡೆದು ಬಂದಿದ್ದರು. ಆ ಮಾತನ್ನು ಇಬ್ಬರೂ ಇವತ್ತಿನ ತನಕ ಬಾಯಿ ಬಿಟ್ಟು ಹೇಳಿರಲಿಲ್ಲ.

"ಅದಕ್ಕೂ ಇದಕ್ಕೂ ಏನು?"

"ಆ ಹೋರಿಗೂ ನಾಲ್ಕು ತಿಂಗಳು ಎತ್ತಿನ ಮಾರಿ ಇತ್ತಲೇ. ನೀನೂ ನಾನೂ ಮೋಸ ಹೋದ್ವಿ. ಕೇಳು, ನೀ ಏನ್ ತಿಳಕೊಂಡಿ, ಆ ಸೂಜಿ ನಿನ್ನ ಇಕ್ಕಳ ಅಂತ. ಅಲ್ಲ. ಅದು ನನ್ನ ಹಗ್ಗ. ಕಟ್ಟಿದಷ್ಟು ಹೊತ್ತು ಹೋರಿ ಮಲಗಿರ್ತೈತಿ. ಸಡ್ಲಾತಂದ್ರ ಎದ್ದು ಗುದ್ದತೈತಿ. ಮೂರು ತಿಂಗಳಿಗೊಮ್ಮೆ ಬಿಗೀಬೇಕು, ಅಷ್ಟ. ಅದರಾಗ ಯಾರ ಕಸುಬಿಗೂ ಅವಮಾನ ಇಲ್ಲ. ನಾ ಏನ್ ಕಸುಬುದಾರ ಅಲ್ಲೇನು?"

ಹಗ್ಗ. ಇದು ಕಳಕಪ್ಪನಿಗೆ ಹೊಳೆದಿರಲೇ ಇಲ್ಲ. ಹೋರಿಯ ತಲೆಯ ಕಡೆ ಬಗ್ಗಿ, ಆಮೇಲೆ ಹಿಂಗಾಲಿನ ಕಡೆ ಬಗ್ಗಿ ಐವತ್ತು ವರ್ಷ ಕಳೆದವನಿಗೆ ನಡುವೆ ಇದ್ದ ಹಗ್ಗ ಕಂಡಿರಲಿಲ್ಲ. ಸೊಂಟದ ನೋವು ಈಗ ಬೆನ್ನಿಗೂ ಏರಿದೆ, ಬೆಳಿಗ್ಗೆ ಏಳುವಾಗ ಎಡಗಾಲು ಜೋಮು ಹಿಡಿಯುತ್ತದೆ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ವಾಯು ಎಂದು ತನಗೂ ಹೇಳಿಕೊಂಡಿದ್ದ.

"ಮೊದಲು ಗೊತ್ತಿಲ್ದಽ ಬಿಟ್ಟೆ. ಖರೆ ಹೇಳ್ಬೇಕಂದ್ರ..." ಅವನ ದನಿ ಇಳಿಯಿತು. "ಆಮ್ಯಾಲಾಮ್ಯಾಲ ಸಂಶಯ ಬಂದಿತ್ತು ಭೀಮಿ. ಆದ್ರ ನಾಲ್ಕು ದಿನ ಮತ್ತ ಹೋರಿ ಆಗಿದ್ದೆ. ಬಿಡಾಕ ಮನಸು ಬರಲಿಲ್ಲ. ನೀನೂ ಹೂವು ನೋಡಿ ನಗಲಿಲ್ಲೇನು?"

"ನಕ್ಕೆ" ಅಂದಳು ಭೀಮಕ್ಕ. "ಎತ್ತು ಆದಾಗ ತಂದಿದ್ರೂ ನಗ್ತಿದ್ದೆ. ನೀ ತರಲಿಲ್ಲ."

ಮಕ್ಬುಲಸಾಬ ಎದ್ದು ಗುಡಿಯ ಆಚೆ ಹೋಗಿ ಬೀಡಿ ಹಚ್ಚಿದ.

ಆಸ್ಪತ್ರೆಯಲ್ಲಿ ಅಂಕಿ ತೊಂಬತ್ತಾರಕ್ಕೆ ಏರಿತ್ತು. ಬೆನ್ನಿನ ಎಲುಬಿನಲ್ಲಿ ಹೊಸ ಕಲೆ. ಡಾಕ್ಟರು ಅಮೃತಾ ಅಜ್ಜನೆಂದು ನೋಡದೆ ಬೈದಳು. "ಇನ್ನೊಂದು ಎರಡು ತಿಂಗಳು ಬಿಟ್ಟಿದ್ರ ಇವತ್ತು ನಿಮ್ಮನ್ನ ಹೊತಗೊಂಡು ಬರ್ತಿದ್ರು. ಬೀಗರ ಮನಿ ಅಂತ, ಬೀಗರ ಮನಿ! ಆ ದನಿ ನಿಮ್ಮದಽ ಅಂತ ನನಗ ತಿಳಿಯಂಗಿಲ್ಲೇನು?" ಬೈದು ಮುಗಿದ ಮೇಲೆ ಕಳಕಪ್ಪ ತಾನು ಹೇಗೆ ತಪ್ಪಿದೆ, ಇಕ್ಕಳ ಯಾವುದು, ಹಗ್ಗ ಯಾವುದು ಎಂದು ವಿವರಿಸಿದ. ಅವಳಿಗೆ ಸಿಟ್ಟಿನಲ್ಲೂ ನಗು ಬಂತು. "ಇದನ್ನ ಎಲ್ಲಾ ಪೇಷಂಟಿಗೂ ಹೇಳ್ತೀನಿ" ಎಂದು ಬರೆದುಕೊಂಡಳು. ಮೊದಲಿಗೆ ಗುಳಿಗೆ, ಎರಡು ವಾರ ಬಿಟ್ಟು ಸೂಜಿ.

ಸೂಜಿಯ ದಿನ ಮೂವರೂ ಹೋದರು. ಕಳಕಪ್ಪ ಮಂಚದ ಮೇಲೆ ಮಗ್ಗುಲಾಗಿ ಮಲಗಿದ. ಮಕ್ಬುಲಸಾಬ ಯಾರೂ ಹೇಳದಿದ್ದರೂ ರೂಢಿಯ ಬಲದಿಂದ ಹೋಗಿ ಅವನ ಎರಡೂ ಕಾಲು ಹಿಡಿದ. ಯಂಕೋಬ ಹತ್ತಿ ತಿಕ್ಕಿ ಕಿವಿಯ ಹತ್ತಿರ ಬಗ್ಗಿದ. "ಏನೂ ಆಗಂಗಿ..."

ಕಳಕಪ್ಪ ಕೈ ಎತ್ತಿದ. "ಬ್ಯಾಡಪ್ಪ. ಆ ಸುಳ್ಳು ನನ್ನದು. ಮೂರು ತಾಲೂಕಿನ ಹೋರಿಗಳ ಕಿವಿಯೊಳಗ ಅದನ್ನಽ ಹೇಳೀನಿ. ಏನೂ ಆಗಂಗಿಲ್ಲ, ಇರಿವಿ ಕಡದಂಗ ಅಂತ. ನನಗ ಹೇಳಬ್ಯಾಡ."

ಭೀಮಕ್ಕ ಅಂದಳು, "ಇಷ್ಟನಾ? ಆ ಮಂತ್ರ ಇಷ್ಟನಾ? ಇದಕ್ಕ ನಾ ನಲವತ್ತಾರು ವರ್ಷ ಕಾಯ್ದೆನಾ?"

ಅವಳು ಯಂಕೋಬನನ್ನು ಬದಿಗೆ ಸರಿಸಿ ಗಂಡನ ಕಿವಿಗೆ ಬಾಯಿ ಹಚ್ಚಿದಳು. "ಎಲ್ಲಾ ಆಗತೈತಿ. ಮೈಯಾಗ ಬೆಂಕಿ ಹತ್ತತೈತಿ. ಎದಿ ನೋಯತೈತಿ. ಅಳು ಬರತೈತಿ. ನನ್ನ ನೋಡಿ ಕಣ್ಣು ಹೊಡಿಯಾಕ ಮನಸು ಬರಂಗಿಲ್ಲ. ಆದ್ರ ಸಂಜೀಕ ಮನೀಗೆ ಬರ್ತಿ. ಕೇಳಿದೇನು? ಮನೀಗೆ ಬರ್ತಿ."

ಕಳಕಪ್ಪ ಕಣ್ಣು ಮುಚ್ಚಿದ. ಸೂಜಿ ಇಳಿಯಿತು. ಇರುವೆ ಕಡಿದ ಹಾಗೆ ಇರಲಿಲ್ಲ, ಚೇಳು ಕಡಿದ ಹಾಗಿತ್ತು. ಅವನು ಯಂಕೋಬನಿಗೆ ಹಾಗೆಂದೇ ಹೇಳಿದ.

ಬೆಂಕಿ ಮತ್ತೆ ಬಂತು, ಅಳು ಬಂತು. ಭಜನೆಯಲ್ಲಿ ಗವಿಸಿದ್ದಪ್ಪ ತಬ್ಬಿಬ್ಬಾಗಿ ಅವನನ್ನು ಮತ್ತೆ ಮುಂದಿನ ಸಾಲಿಗೆ ಕರೆದ. ಅಂಕಿ ಇಳಿಯಿತು, ಎಡಗಾಲಿನ ಜೋಮು ಹೋಯಿತು. ಮೂರು ತಿಂಗಳಿಗೊಮ್ಮೆ ಮಕ್ಬುಲಸಾಬ ಬಾಗಿಲಿಗೆ ಬಂದು, "ನಡೀಲೇ, ಹಗ್ಗ ಬಿಗೀಬೇಕು" ಎಂದು ಕೂಗುತ್ತಿದ್ದ. ಆಸ್ಪತ್ರೆಯಿಂದ ಬರುವಾಗ ಕಳಕಪ್ಪ ಪ್ರತಿ ಸಲ ಮೊಳ ಮಲ್ಲಿಗೆ ತರುತ್ತಿದ್ದ. ಮನಸ್ಸು ಬಂದು ಅಲ್ಲ, ನೆನಪಿಟ್ಟುಕೊಂಡು. ಭೀಮಕ್ಕ ಅದನ್ನೂ ಮುಡಿಯುತ್ತಿದ್ದಳು.

ಮುಂದಿನ ಬೇಸಿಗೆಯಲ್ಲಿ ಕುಷ್ಟಗಿ ಕಡೆಯಿಂದ ಒಂದು ಹೋರಿಯ ಕರೆ ಬಂತು. ಬಿಳಿಯದು, ಎಳೆಯ ಕೋಡಿನದು, ಕಣ್ಣಲ್ಲಿ ಇನ್ನೂ ತುಂಟತನ. ಮಕ್ಬುಲಸಾಬ ಮೂರು ಸುತ್ತಿನಲ್ಲಿ ಅದನ್ನು ಮಲಗಿಸಿದ. ಕಳಕಪ್ಪ ಮೊಣಕಾಲೂರಿ ಅದರ ಕಿವಿಗೆ ಬಗ್ಗಿದ. ಬಗ್ಗಿದವನು ಏಳಲೇ ಇಲ್ಲ. ಹೋರಿಯ ಯಜಮಾನ ಎಲೆ ಅಡಿಕೆ ಹಾಕಿ ಮುಗಿಸಿದ. ಮಕ್ಬುಲಸಾಬನ ಕೈ ಹಗ್ಗದ ಮೇಲೆ ನೋಯತೊಡಗಿತು.

"ಏನಲೇ, ಹೋರಿಗೆ ಪುರಾಣ ಹೇಳ್ತೀಯೇನು?"

"ತಡೀಲೇ" ಅಂದ ಕಳಕಪ್ಪ, ತಲೆ ಎತ್ತದೆ. "ಇನ್ನ ಎದಿ ನೋವಿನ ತನಕಽ ಬಂದೀನಿ. ಎಲುಬಿನದು ಬಾಕಿ ಐತಿ. ಅದಕ್ಕ ಎಲ್ಲಾ ತಿಳೀಬೇಕು."

ಹೋರಿ ಕಿವಿ ಅಲ್ಲಾಡಿಸದೆ ಕೇಳುತ್ತಿತ್ತು. ಕಳಕಪ್ಪ ಕೊನೆಯ ಮಾತನ್ನು, ಸಂಜೀಕ ಮನೀಗೆ ಹೋಗ್ತಿ ಎನ್ನುವುದನ್ನು, ಎರಡು ಸಲ ಹೇಳಿ, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು, ಇಕ್ಕಳಕ್ಕೆ ಕೈ ಚಾಚಿದ.